ಅತ್ತೆ ಕೂತ ಪೆಟ್ಟಿಗೆ

ನಮ್ಮ ಚಿಕ್ಕಪ್ಪ ಬಡಗಿ. ಆದರೆ ಮೇಜು ಕುರ್ಚಿ ಮಾಡಿದ್ದು ಕಡಿಮೆ. ಜಾದೂಗಾರರಿಗೆ ಪೆಟ್ಟಿಗೆ ಮಾಡಿಕೊಡುವುದು, ಅದಕ್ಕೊಪ್ಪುವ ಜಾದೂವನ್ನೂ ತಾನೇ ಹೊಸೆಯುವುದು ಅವನ ಕಸುಬು. ತನ್ನ ಕೈಕೆಲಸದ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿಲ್ಲ.

"ಜನ ಪೆದ್ದರಲ್ಲ," ಅನ್ನುತ್ತಾನೆ. "ಹೀಗಿರಬಹುದು, ಹಾಗಿರಬಹುದು ಅಂತ ಅವರ ತಲೆ ಓಡ್ತಾನೇ ಇರುತ್ತೆ. ಅದು ಓಡೋ ಕಡೆಗೆಲ್ಲ ನಾವು ಮೊದಲೇ ಹೋಗಿ ಬಾಗಿಲು ಹಾಕಿರಬೇಕು."

ಆ ಬಾಗಿಲುಗಳನ್ನು ತೋರಿಸಿಕೊಡುವವಳು ಅವನ ಅಕ್ಕ, ನನ್ನ ಸೋದರತ್ತೆ. ಹೊಲಿಗೆಯವಳು, ಎಲ್ಲದರಲ್ಲೂ ಹುಳುಕು ಹುಡುಕುವವಳು. ಹೊಸ ಜಾದೂಗೆಲ್ಲ ಅವಳ ಮುಂದೆ ಪರೀಕ್ಷೆ. ಪಾಸಾದದ್ದು ಒಂದೂ ಇಲ್ಲ.

ಹೋದ ತಿಂಗಳು ಒಬ್ಬ ಜಾದೂಗಾರ ಮುಖ ಸಪ್ಪೆ ಮಾಡಿಕೊಂಡು ಬಂದ. ಉಂಗುರ ಮಾಯ ಮಾಡುವಾಗ ಹಿಂದಿನ ಸಾಲಿನಿಂದ ಯಾರೋ "ತೋಳಲ್ಲಿದೆ" ಅಂದರಂತೆ. ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತಂತೆ.

"ಅಣ್ಣ, ನಿಮ್ಮಕ್ಕ ಒಪ್ಪಿದ್ರೆ ಮಾತ್ರ ಮತ್ತೆ ವೇದಿಕೆ ಹತ್ತೋದು. ಇಲ್ಲಾಂದ್ರೆ ಭಾವನ ಅಂಗಡೀಲಿ ತಕ್ಕಡಿ ಹಿಡೀತೀನಿ."

ಚಿಕ್ಕಪ್ಪ ಅವನಿಗೆ ತೋಳಿಲ್ಲದ ಅಂಗಿ ತೊಡಿಸಿ, ಮಾಯವಾದ ಉಂಗುರ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಿಗುವಂತೆ ಮಾಡಿದ. ಅತ್ತೆ ಆಕಳಿಸಿದಳು.

"ಉಂಗುರ ಎರಡಿದೆ ಕಣೋ. ಬೀಗದ ಕೈಯೂ ಎರಡಿರುತ್ತೆ."

ಜಾದೂಗಾರ ಕುಸಿದು ಕೂತ. ಚಿಕ್ಕಪ್ಪ ಮಾತ್ರ ಖುಷಿಯಿಂದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಮುಚ್ಚಬೇಕಾದ ಬಾಗಿಲು ಇನ್ನೆರಡೇ ಅಂದ.

ಮುಂದಿನ ವಾರ ಅವನು ಉಂಗುರದ ಬದಲು ಅತ್ತೆಯ ಹಿತ್ತಾಳೆ ಟೋಪಿಯನ್ನೇ ಕೇಳಿದ. ಹೊಲಿಯುವಾಗ ಬೆರಳಿಗೆ ತೊಡುವಂಥದ್ದು, ಸೂಜಿ ತಿವಿದು ತಿವಿದು ತಗ್ಗುಬಿದ್ದದ್ದು. ಅಂಥದ್ದು ಲೋಕದಲ್ಲಿ ಇನ್ನೊಂದಿಲ್ಲ. ಬೀಗವನ್ನೂ ಬಿಟ್ಟ. ಖಾಲಿ ಪೆಟ್ಟಿಗೆ ತೋರಿಸಿ, ಮುಚ್ಚಳಕ್ಕೆ ಅತ್ತೆಯ ಕೈಯಿಂದಲೇ ಮೊಳೆ ಹೊಡೆಸಿ, ಅವಳನ್ನು ಅದರ ಮೇಲೇ ಕೂರಿಸಿದ. ಜಾದೂಗಾರ ಟೋಪಿಯನ್ನು ಅವಳ ಕರವಸ್ತ್ರದಲ್ಲಿ ಸುತ್ತಿ ಅವಳ ಮುಷ್ಟಿಯಲ್ಲಿಟ್ಟ. ಬಿಚ್ಚಿದರೆ ಬರೀ ಬಟ್ಟೆ.

"ಏಳಕ್ಕ, ಮೊಳೆ ನೀನೇ ಕೀಳು," ಅಂದ ಚಿಕ್ಕಪ್ಪ.

ಅತ್ತೆ ಕಿತ್ತಳು. ಟೋಪಿ ಪೆಟ್ಟಿಗೆಯ ತಳದಲ್ಲಿತ್ತು. ಬೆರಳಿಗೆ ತೊಟ್ಟು ನೋಡಿದಳು; ತಗ್ಗು ಎಂದಿನ ಜಾಗದಲ್ಲೇ ಒತ್ತಿತು. ಪೆಟ್ಟಿಗೆಯನ್ನು ಮಗುಚಿದಳು, ತಟ್ಟಿದಳು, ಮೂಲೆಮೂಲೆಗೂ ಕೈಯಾಡಿಸಿದಳು. ಹುಳುಕು ಸಿಗಲಿಲ್ಲ. ಜಾದೂಗಾರ ಅವಳ ಮುಖವನ್ನೇ ನೋಡುತ್ತಿದ್ದ.

ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಅಕ್ಕ, ಅದು ಹೇಗೆ ಅಂದ್ರೆ..."

"ಬಾಯಿ ಮುಚ್ಚೋ," ಅಂದಳು ಅತ್ತೆ, ಬೆರಳಿನಿಂದ ಕಣ್ಣು ಕೀಳದೆ. "ಹೇಳಿದ್ರೆ ಇನ್ನು ನಿನ್ನ ಮನೆ ಹೊಸ್ತಿಲು ತುಳಿಯಲ್ಲ."