ಹೆಪ್ಪುಗಟ್ಟದ ಹಾಲು

ನಮ್ಮ ಅಣ್ಣನಿಗೆ ‘ನ್ಯಾನೊ’ ಎಂದರೆ ಮೊದಲು ಗೊತ್ತಿದ್ದದ್ದು ಒಂದು ಪುಟ್ಟ ಕಾರು ಮಾತ್ರ. ವಿದ್ಯಾನಗರದ ಕಲ್ಯಾಣ ಮಂಟಪವೊಂದರಲ್ಲಿ ಟೈ ಕಟ್ಟಿದವನೊಬ್ಬ ಎರಡು ತಾಸು ಭಾಷಣ ಮಾಡಿ, ಊಟ ಹಾಕಿ ಕಳಿಸಿದ ಮೇಲೆ ಅಣ್ಣ ವಿಜ್ಞಾನಿಯಾಗಿ ಮನೆಗೆ ಬಂದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ನ್ಯಾನೊ ಬೆಳ್ಳಿ ಹನಿಯ ಬಾಟಲಿ ಹಿಡಿದ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳಂತೆ, ಹೊಟ್ಟೆಯೊಳಗಿನ ಕ್ರಿಮಿಗಳನ್ನೆಲ್ಲ ಕೊಲ್ಲುತ್ತವಂತೆ. ದುರ್ಗದಬೈಲಿನಲ್ಲಿ ಅರಿವೆ ಅಂಗಡಿ ಇಟ್ಟು, ಸೀರೆಯ ಜರಿ ಖರೇನೋ ಖೋಟಾನೋ ಎಂದು ಉಗುರಿನಿಂದ ಕೆರೆದು ನೋಡುವವನು ಇದನ್ನು ಮಾತ್ರ ಕಣ್ಣು ಮುಚ್ಚಿ ಕೊಂಡಿದ್ದ.

ಪ್ರಯೋಗಕ್ಕೆ ಸಿಕ್ಕವಳು ಅವನ ಹೆಂಡತಿ, ನಮ್ಮ ವೈನಿ. ಆಗಾಗ ತೇಗು ಬರುತ್ತದೆ ಎನ್ನುವುದೇ ಅವಳ ರೋಗ. ದಿನಾ ಎರಡು ಹೊತ್ತು ಲೋಟದ ಹಾಲಿಗೆ ಆ ಹನಿ ಹಾಕಿ ಕುಡಿಸಿದ. ತಿಂಗಳಾಗುವುದರೊಳಗೆ ವೈನಿಯ ಹೊಟ್ಟೆ ಉಬ್ಬಿತು, ಭೇದಿ ಹತ್ತಿತು, ರೊಟ್ಟಿ ಬಡಿಯುತ್ತಲೇ ಗೋಡೆ ಹಿಡಿದು ನಿಲ್ಲುವಂತಾದಳು. ಬಾಟಲಿ ಬಿಡಿಸು ಎಂದು ನಾನು ಜಗಳ ತೆಗೆದೆ.

“ಹೊಲಸು ಹೊರಗ ಬೀಳಾಕತ್ತೈತಿ. ನಿನಗೇನು ತಿಳಿತೈತಿ, ಸುಮ್ನಿರು,” ಎಂದ. ಆ ದನಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಸಂಜೆ ಓಕರಿಕೆ ಬಂದು ವೈನಿಗೆ ಹನಿ ಹಾಕಿದ ಹಾಲಿನ ಲೋಟ ಬಾಯಿಗೆ ಒಯ್ಯಲೂ ಆಗಲಿಲ್ಲ. ಚೆಲ್ಲಲು ಮನಸ್ಸಾಗದೆ, ಮೊಸರಿನ ಗಡಿಗೆಗೆ ಹೆಪ್ಪು ಹಾಕುವಾಗ ಆ ಲೋಟಕ್ಕೂ ಒಂದಿಷ್ಟು ಹಾಕಿಟ್ಟಳು. ಬೆಳಿಗ್ಗೆ ನೋಡಿದರೆ ಗಡಿಗೆಯಲ್ಲಿ ಗಟ್ಟಿ ಮೊಸರು. ಲೋಟದಲ್ಲಿ ಹಾಲು ಹಾಲಾಗಿಯೇ ಇತ್ತು.

“ನಿನ್ನ ಕೈಗುಣ ಛಲೋ ಇಲ್ಲ ಬಿಡು,” ಎಂದ ಅಣ್ಣ, ಹೆಂಡತಿಗೆ.

“ಎರಡಕ್ಕೂ ಒಂದ ಕೈ, ಒಂದ ಹೆಪ್ಪು. ಹೆಪ್ಪನ್ನ ಸಾಯಿಸಿದ್ದು ಆಕಿ ಹೊಟ್ಟ್ಯಾಗ ಏನು ಉಳಿಸ್ತೈತೋ ಅಣ್ಣಾ?” ಎಂದು ನಾನೇ ವೈನಿಯನ್ನು ಸತ್ತೂರಿನ ಆಸ್ಪತ್ರೆಗೆ ಹೊರಡಿಸಿದೆ. ಮಂದಿ ಏನಂದಾರು ಎಂದು ಅವನೂ ಬಂದ.

ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. ಕರುಳಿಗೆ ಬೇಕಾದ ಒಳ್ಳೆಯ ಕ್ರಿಮಿಗಳೂ ಇದರಿಂದ ಸತ್ತಿರಬಹುದು, ಮೊದಲು ಇದನ್ನು ನಿಲ್ಲಿಸಿ ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ, “ನೀವೂ ಕುಡೀತೀರೇನ್ರಿ?” ಎಂದು ಕೇಳಿದರು.

“ಇಲ್ರಿ. ನನ್ನ ಹೊಟ್ಟಿ ಭಾಳ ಸೂಕ್ಷ್ಮ ಐತ್ರಿ,” ಎಂದ ಅಣ್ಣ.

ವೈನಿ ಅವನ ಮುಖವನ್ನೇ ನೋಡಿದಳು.

ಈಗ ಅವಳು ಚೇತರಿಸಿಕೊಂಡಿದ್ದಾಳೆ. ಮೊನ್ನೆ ಊಟಕ್ಕೆ ಕೂತಾಗ ನನಗೆ ಗಟ್ಟಿ ಮೊಸರು ಬಡಿಸಿದಳು. ಅಣ್ಣನೂ ತಟ್ಟೆ ಮುಂದೆ ಸರಿಸಿದ. ವೈನಿ ಗಡಿಗೆಗೆ ಮುಚ್ಚಳ ಹಾಕಿದಳು.

“ಬ್ಯಾಡ್ರಿ,” ಎಂದಳು. “ನಿಮ್ಮ ಹೊಟ್ಟಿ ಸೂಕ್ಷ್ಮ.”