ಗುತ್ತಿಗಾರಿನಿಂದ ಬಸ್ಸಿನಲ್ಲಿ ಬಂದ ಪ್ರೊಸೆಸರ್

ಹೊಸ ಮದರ್‌ಬೋರ್ಡಿನ ಬೆಳ್ಳಿಬಣ್ಣದ ಲಕೋಟೆ ಕತ್ತರಿಸಿದ ಕೂಡಲೇ ಒಂದು ವಾಸನೆ ಏಳುತ್ತದೆ. ಸ್ವಲ್ಪ ಅಂಟಿನದ್ದು, ಸ್ವಲ್ಪ ಬಿಸಿಲಿಗೆ ಕಾದ ರೆಕ್ಸಿನ್ನಿನದ್ದು. ಅದು ಹೊಸ ಬಸ್ಸಿನ ವಾಸನೆ ಎಂದು ನನಗೆ ಹೇಳಿಕೊಟ್ಟವರು ಡ್ರೈವರಣ್ಣ. ಹೋದ ವಾರ ಪುತ್ತೂರಿನ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಬೋರ್ಡು ಬಿಚ್ಚಿದೆ. ಎದುರಿಗೆ ಗಿರಾಕಿ ಕುಳಿತಿದ್ದಳು, ಆದರೂ ಕೈ ಅಲ್ಲೇ ನಿಂತಿತು...

ಬೆಟ್ಟಂಪಾಡಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಗುತ್ತಿಗಾರು, ಬೆಳ್ಳಾರೆ, ಪುತ್ತೂರು ಎಂದು ಆಯುಷ್ಯವೆಲ್ಲ ಖಾಸಗಿ ಬಸ್ಸು ಓಡಿಸಿದವರು. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಹುಣ್ಣು ಮಾಯದೆ, ಕೊನೆಗೆ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಮೇಲೆ ಜಗಲಿಯಲ್ಲಿ ಕುಳಿತು, ರಸ್ತೆಯಲ್ಲಿ ಹೋಗುವ ಬಸ್ಸುಗಳ ಗೇರು ಬದಲಾಗುವುದನ್ನು ಕೇಳಿಕೊಂಡಿರುತ್ತಿದ್ದರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಇವರು ಹೀಗೇ ಕುಳಿತರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಆಕೆ ಒಮ್ಮೆ ನನ್ನಲ್ಲಿ ಹೇಳಿದ್ದರು.

ಅಂಥವರು ಒಂದು ದಿನ ರಿಕ್ಷಾದಲ್ಲಿ ಅಂಗಡಿಗೆ ಬಂದರು. ಮೊಬೈಲಿನಲ್ಲಿ ಯಾರೋ ಸ್ಟೇರಿಂಗ್, ಪೆಡಲ್ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಘಾಟಿ ರಸ್ತೆಯ ಬಸ್ಸು ಓಡಿಸುವುದನ್ನು ತೋರಿಸಿದರು.

"ನಂಗೆ ಗುಂಡು ಹಾರಿಸುವ ಆಟ ಎಲ್ಲ ಬೇಡ ಮಾರಾಯ. ಬಸ್ಸು ಬಿಡ್ಲಿಕ್ಕೆ ಆಗ್ಬೇಕು. ಅಷ್ಟೇ."

ನಾನು ಹಳೇ ಕೀಬೋರ್ಡು ಮಾರಿ ವ್ಯಾಪಾರ ಶುರು ಮಾಡಿದವ. ಯಾವ ವಸ್ತು ಎಲ್ಲಿ ಅಗ್ಗ ಎನ್ನುವುದು ನನಗೆ ಬಾಯಿಪಾಠ. ಅವರ ಸಂಬಂಧಿಕ ಹುಡುಗನೊಬ್ಬ ಗಲ್ಫಿನಿಂದ ರಜೆಗೆ ಬರುವವನಿದ್ದ. ಒಳ್ಳೆಯ ಬೋರ್ಡೊಂದು ಅವನ ಪೆಟ್ಟಿಗೆಯಲ್ಲಿ ಬಂತು. ಅದರ ಸಾಕೆಟ್ಟಿಗೆ ಕೂರುವ ಹೊಸ ಪ್ರೊಸೆಸರನ್ನು ನಾನು ಇಲ್ಲಿ ಚೌಕಾಸಿ ಮಾಡಿ ತೆಗೆದೆ. ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ರ‍್ಯಾಮ್ ಬದಲಿಸಿದೆ, ಗ್ರಾಫಿಕ್ಸ್ ಕಾರ್ಡು ಬದಲಿಸಿದೆ. ಕಪ್ಪೇ.

ಬೋರ್ಡು ಕೊಳ್ಳುವವರಿಗೆ ನನ್ನದೊಂದು ಮಾತು. ಸಾಕೆಟ್ ಸರಿಯಾಯಿತೆಂದು ನೆಂಟಸ್ತಿಕೆ ಕುದುರಿತು ಎಂದುಕೊಳ್ಳಬೇಡಿ. ಬೋರ್ಡಿನೊಳಗೆ ಬಯೋಸ್ ಎಂಬ ಚಿಕ್ಕ ಪ್ರೋಗ್ರಾಮ್ ಉಂಟು. ಬೋರ್ಡು ತಯಾರಾದ ಮೇಲೆ ಹುಟ್ಟಿದ ಪ್ರೊಸೆಸರನ್ನು ಅದು ಗುರುತಿಸುವುದಿಲ್ಲ. ಆ ಪ್ರೋಗ್ರಾಮನ್ನು ಹೊಸದು ಮಾಡಬೇಕು. ಹೊಸದು ಮಾಡಲು ಕಂಪ್ಯೂಟರ್ ಶುರುವಾಗಬೇಕು. ಶುರುವಾಗಲು ಅದಕ್ಕೆ ಗುರುತಿರುವ ಹಳೆಯ ಪ್ರೊಸೆಸರ್ ಬೇಕು. ಅಂಥದ್ದು ನನ್ನಲ್ಲಿರಲಿಲ್ಲ, ಮಂಗಳೂರಿನ ನನ್ನ ವ್ಯಾಪಾರಿಗಳಲ್ಲೂ ಮುಗಿದಿತ್ತು. ಪರದೇಶದ ಬೋರ್ಡಾದ್ದರಿಂದ ವಾರಂಟಿಯ ಮಾತೇ ಇಲ್ಲ. ಹುಡುಗ ಮರಳಿ ಹೋಗಿಯಾಗಿತ್ತು.

ಇದನ್ನೆಲ್ಲ ವಿವರಿಸಿದೆ. ಬೋರ್ಡನ್ನು ಸಿಕ್ಕಿದ ಬೆಲೆಗೆ ಮಾರಿಬಿಡೋಣ, ಬೇರೆ ಸಿಗುವವರೆಗೆ ಕಾಯಿರಿ ಎಂದೆ. ಕಾಯಿರಿ ಎಂದಾಗ ಅವರು ತಮ್ಮ ಕಾಲಿನ ಕಡೆ ನೋಡಿದರು...

"ಅಂದ್ರೆ ಹಳಬ ಒಬ್ಬ ಬಂದು, ಇವ ನಮ್ಮವನೇ ಅಂತ ಒಂದು ಮಾತು ಹೇಳ್ಬೇಕು. ಅಷ್ಟೇ ಅಲ್ವಾ?"

ಅಷ್ಟೇ ಎಂದೆ. ಬೇಕಾದ ಹಳೆಯ ಪ್ರೊಸೆಸರಿನ ನಂಬರು ಬರೆಸಿಕೊಂಡರು. ಸುಳ್ಯದ ಬಸ್ ಸ್ಟ್ಯಾಂಡಿನ ಟೈಮ್ ಕೀಪರನಿಗೆ ಫೋನ್ ಮಾಡಿ, ಗಾಡಿಯ ನಂಬರು ಹೇಳುವ ಹಾಗೆ ಬಿಡಿಬಿಡಿಯಾಗಿ ಓದಿದರು. ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕಳಿಸಲಿ ಎಂದರು. ಬೇಡಿಕೊಳ್ಳಲಿಲ್ಲ, ಬಾಡಿಗೆಯ ಮಾತೆತ್ತಲಿಲ್ಲ. ನಾನು ಒಳಗೊಳಗೇ ನಕ್ಕೆ. ಓಡುತ್ತಿರುವ ಕಂಪ್ಯೂಟರಿನ ಗುಂಡಿಗೆ ಕಿತ್ತು ಯಾರು ಕೊಡುತ್ತಾರೆ?

ಟೈಮ್ ಕೀಪರ್ ಕಂಡಕ್ಟರರಿಗೆ ಹೇಳಿದನಂತೆ, ಕಂಡಕ್ಟರರು ಸ್ಟಾಪು ಸ್ಟಾಪಿನಲ್ಲಿ ಹೇಳಿದರಂತೆ. ಮರುದಿನದಿಂದ ನನ್ನ ಅಂಗಡಿಗೆ ಫೋನುಗಳು. ಕಡಬದಿಂದ ಒಬ್ಬರು, ನಮ್ಮದು ಬೇರೆ ನಂಬರು, ಆದೀತಾ ಎಂದು ಕೇಳಿದರು. ಬೆಳ್ಳಾರೆಯ ಕೋಳಿ ಅಂಗಡಿಯವರು, ಪ್ರೊಸೆಸರ್ ಎಂದರೆ ಎಂತ ಅಂತ ಗೊತ್ತಿಲ್ಲ, ಮನೆಯಲ್ಲಿ ಹಾಳಾದ ಪ್ರಿಂಟರ್ ಉಂಟು, ಡ್ರೈವರಣ್ಣನಿಗಾದರೆ ಕಳಿಸುತ್ತೇನೆ ಎಂದರು. ಕೊನೆಗೆ ಗುತ್ತಿಗಾರಿನ ಸ್ಟುಡಿಯೋದವರು. ಅವರಲ್ಲಿ ಅದೇ ನಂಬರಿನದು ಇತ್ತು. ಮದುವೆ ವೀಡಿಯೋಗಳ ಕೆಲಸ ಕುತ್ತಿಗೆಗೆ ಬಂದಿತ್ತು, ಆದರೂ ಬೆಳಗ್ಗಿನ ಬಸ್ಸಿಗೆ ಕೊಡುತ್ತೇನೆ, ಸಂಜೆಯ ಬಸ್ಸಿಗೆ ವಾಪಸು ಹಾಕಿ ಎಂದರು.

ನನಗೆ ಸಂಶಯ. ಎಷ್ಟು ಕೊಡಬೇಕು ಎಂದು ನೇರವಾಗಿ ಕೇಳಿದೆ.

"ನೀವು ಹೊಸಬರಾ?" ಎಂದು ಅವರು ನಕ್ಕರು. "ಒಂದು ಮದುವೆಗೆ ಹೋದವ ಕ್ಯಾಮರಾದ ಬ್ಯಾಟ್ರಿ ಮನೆಯಲ್ಲೇ ಮರೆತು ಬಾಕಿ ಮಾಡಿದ್ದೆ. ಡ್ರೈವರಣ್ಣ ಮುಂದಿನ ಟ್ರಿಪ್ಪಲ್ಲಿ ನಮ್ಮ ಗೇಟಿನ ಹತ್ತಿರ ಬಸ್ಸು ನಿಲ್ಸಿ, ಅಮ್ಮನ ಕೈಯಿಂದ ತಕ್ಕೊಂಡು ಬಂದ್ರು. ಧಾರೆಗೆ ಸರಿಯಾಗಿ ಮುಟ್ಟಿತು. ಅವ್ರಿಗೆ ನೆನಪಿರ್ಲಿಕ್ಕಿಲ್ಲ ಬಿಡಿ."

ನೆನಪಿರಲಿಲ್ಲ. ನಾನು ಕೇಳಿದಾಗ ಡ್ರೈವರಣ್ಣ, ಹಾಗೆ ಎಷ್ಟು ಜನರದ್ದು ಎಂತೆಂತದೋ ತಂದದ್ದುಂಟು ಎಂದರು.

ಪ್ರೊಸೆಸರ್ ಬಂತು. ಸೋಪಿನ ಡಬ್ಬಿಯಲ್ಲಿ, ಹತ್ತಿಯ ನಡುವೆ. ಅಡಿಯಲ್ಲಿ ಸೂಜಿಯಂಥ ಕಾಲುಗಳು, ಒಂದು ಬಗ್ಗಿದರೂ ಕೆಟ್ಟಿತು. ಆ ತಿರುವುಗಳಲ್ಲಿ ಕಂಡಕ್ಟರ್ ಅದನ್ನು ಬ್ಯಾಗಿಗೆ ಹಾಕದೆ ಪುತ್ತೂರಿನವರೆಗೆ ಅಂಗಿಯ ಜೇಬಿನಲ್ಲೇ ತಂದಿದ್ದ. ಕೂರಿಸಿ ಸ್ವಿಚ್ ಒತ್ತಿದೆ. ಪರದೆ ಬೆಳಗಿತು. ಪೆನ್‌ಡ್ರೈವ್ ಹಾಕಿ ಬಯೋಸ್ ಹೊಸದು ಮಾಡಲು ಬಿಟ್ಟೆ. ಅಷ್ಟರೊಳಗೆ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ನನ್ನ ಯುಪಿಎಸ್ಸಿನ ಮೇಲೆ ನನಗೆ ನಂಬಿಕೆ ಇತ್ತು, ಆದರೂ ಪಕ್ಕದಲ್ಲಿ ಕುಳಿತ ಡ್ರೈವರಣ್ಣ ಪರದೆಯಲ್ಲಿ ಬೆಳೆಯುವ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. ಪಟ್ಟಿ ತುಂಬಿತು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಅದೂ ಬೆಳಗಿತು. ಸೋಪಿನ ಡಬ್ಬಿ ಸಂಜೆಯ ಬಸ್ಸಿನಲ್ಲಿ ಗುತ್ತಿಗಾರಿಗೆ ಮರಳಿತು.

ಅವರ ಮನೆಯಲ್ಲಿ ಸ್ಟೇರಿಂಗ್, ಪೆಡಲ್ ಎಲ್ಲ ಜೋಡಿಸಿದ ಮೇಲೆ ಇನ್ನೊಂದು ತೊಡಕು. ಎಡಗಾಲಿಲ್ಲ, ಕ್ಲಚ್ ತುಳಿಯುವುದು ಹೇಗೆ? ಆಟೋಮ್ಯಾಟಿಕ್ ಮಾಡಿಕೊಡುತ್ತೇನೆ ಎಂದೆ. ಕ್ಲಚ್ ಇಲ್ಲದ್ದು ಬಸ್ಸಾ ಎಂದು ಕೇಳಿದರು. ಸ್ಟೇರಿಂಗಿನ ಹಿಂದೆ ಬೆರಳಿಗೆ ಸಿಗುವ ಪಟ್ಟಿಯೊಂದಿತ್ತು, ಕ್ಲಚ್ಚಿನ ಕೆಲಸವನ್ನು ಅದಕ್ಕೆ ಕೊಟ್ಟೆ.

ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಡು ಸಲ ಬಸ್ಸು ಕುಲುಕಿ ನಿಂತಿತು. ಮೂರನೆಯ ಸಲ ಹೊರಟಿತು ನೋಡಿ... ನಾನು ದಿನವೂ ಗೇಮ್ ಆಡುವ ಹುಡುಗರನ್ನು ಕಾಣುವವ. ಇಂಥದ್ದು ಕಂಡಿರಲಿಲ್ಲ. ಏರಿನಲ್ಲಿ ಎಂಜಿನ್ನಿನ ಸ್ವರ ಇಳಿಯುವ ಮೊದಲೇ ಗೇರು ಬದಲಾಗುತ್ತಿತ್ತು. ತಿರುವಿನಲ್ಲಿ ಕುರ್ಚಿಯಲ್ಲೇ ಓರೆಯಾಗುತ್ತಿದ್ದರು. ಪ್ರತಿ ಸ್ಟಾಪಿನಲ್ಲಿ ನಿಲ್ಲಿಸಿ, ಕೊನೆಯ ಗೊಂಬೆ ಹತ್ತಿ ಕುಳಿತ ಮೇಲೂ ಕನ್ನಡಿ ನೋಡಿಯೇ ಬಿಡುತ್ತಿದ್ದರು. ಮುಖದಲ್ಲಿ ರಕ್ತ ಬಂದಿತ್ತು. ಅಕ್ಕ ಚಾ ತಂದರು.

"ಈಗ ಬೇಡ. ಸ್ಟಾಪ್ ಬರ್ಲಿ."

ಅಕ್ಕ ಲೋಟ ಹಿಡಿದು ಬಾಗಿಲಲ್ಲೇ ನಿಂತರು. "ಇನ್ನು ಇವ್ರ ಡ್ಯೂಟಿ ಮುಗಿಯುದು ಎಷ್ಟೊತ್ತಿಗಾ," ಎಂದು ನನ್ನಲ್ಲಿ ಹೇಳಿದರು. ಆ ರಾತ್ರಿ ಡ್ರೈವರಣ್ಣ ಎರಡು ಸಲ ಬಡಿಸಿಕೊಂಡು ಉಂಡರಂತೆ.

ಆಮೇಲೆ ಮೂರು ವರ್ಷ ಓಡಿಸಿದರು. ಡ್ರೈವರಣ್ಣ ತೀರಿಕೊಂಡು ಈಗ ಎರಡು ವರ್ಷ.

ಈಗ ಕೆಲವು ಬೋರ್ಡುಗಳ ಹಿಂದೆಯೇ ಒಂದು ಚಿಕ್ಕ ಗುಂಡಿ ಬರುತ್ತದೆ. ಪ್ರೊಸೆಸರ್ ಇಲ್ಲದೆಯೂ, ಪೆನ್‌ಡ್ರೈವ್ ಚುಚ್ಚಿ ಒತ್ತಿದರೆ ಬಯೋಸ್ ತಾನೇ ಹೊಸದಾಗುತ್ತದೆ. ಸ್ವಲ್ಪ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ, ನಿಮಗೂ. ಹೋದ ವಾರದ ಹುಡುಗಿಗೂ ಅದನ್ನೇ ಕೊಟ್ಟೆ. ಇದಿಲ್ಲದಾಗ ಎಂತ ಮಾಡ್ತಿದ್ರಿ ಎಂದು ಕೇಳಿದಳು. ಯಾರನ್ನಾದರೂ ಕೇಳುತ್ತಿದ್ದೆವು ಎಂದೆ.

ಅದು ಪೂರ್ತಿ ನಿಜವಲ್ಲ. ಕೇಳಿದ್ದು ಡ್ರೈವರಣ್ಣ. ನಾನು ಫೋನ್ ಮಾಡಿದರೆ ಜನ ಮೊದಲು ಬಾಡಿಗೆ ಎಷ್ಟು ಎನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಸುಮ್ಮನೆ ಕೊಡಿಸಬಲ್ಲವರು ಒಬ್ಬರಿದ್ದರು, ಈಗ ಇಲ್ಲ...