ಸುವರ್ಣ ಬಸ್ಸಿನ ಬಳ್ಳಿ ಅಕ್ಷರ

ಸಿಂಗಾರ ಮಾಡಿಕೊಂಡ ಅಕ್ಷರ ಕಂಡರೆ ನನಗೆ ಅನುಮಾನ. ಹೇಳುವುದಿದ್ದವರು ನೆಟ್ಟಗೆ ಹೇಳುತ್ತಾರೆ ಎಂಬುದು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ಕಪ್ ಗೆದ್ದ ನನ್ನ ಜಂಬದ ಸಿದ್ಧಾಂತ.

ಕೊಟ್ಟೂರಿನ ನಮ್ಮ ಓಣಿಯ ನಾಗಪ್ಪ ಮಾವನದೊಂದು ಹಸಿರು ಬಸ್ಸಿತ್ತು. ಮಗಳ ಹೆಸರೇ ಅದಕ್ಕೂ: ಸುವರ್ಣ. ಕೂಡ್ಲಿಗಿಯಿಂದ ಹಡಗಲಿಗೆ ದಿನಾ ಹೋಗಿಬರುವುದು. ಪೇಂಟರ್ ಖಾಸಿಂಸಾಬರು ಅದರ ಹಣೆಯ ಮೇಲೆ ಬರೆದದ್ದು ಅಕ್ಷರವೋ ತೋಟವೋ ಹೇಳುವುದು ಕಷ್ಟ. ‘ಸು’ವಿನ ಕೊಂಬು ಬಳ್ಳಿಯಾಗಿ ಹಬ್ಬಿ, ‘ವ’ದ ಹೊಟ್ಟೆಯಲ್ಲಿ ಹೂವಾಗಿ, ಕೊನೆಯ ಅರ್ಕಾವತ್ತು ನವಿಲಿನ ಕತ್ತಾಗಿ ಬಾಗಿತ್ತು. ಸಂಜೆಯ ಧೂಳಿನಲ್ಲಿ, ಸೂರ್ಯಕಾಂತಿ ಹೊಲಗಳ ನಡುವೆ, ಬಸ್ಸಿಗಿಂತ ಮೊದಲು ಬಳ್ಳಿಯೇ ತೇಲಿಬಂದಂತೆ ಕಾಣುತ್ತಿತ್ತು. ಕಾಣಲಿ, ಓದಲು ಬರಬೇಕಲ್ಲ?

ಇಂಥ ಅಕ್ಷರಕ್ಕೆ ಜಾಗವೇ ಇಲ್ಲವೆನ್ನಲಾರೆ. ಬಾಗಳಿಯ ಗುಡಿಯಲ್ಲಿ ನೋಡಿ, ಬಾಗಿಲವಾಡವನ್ನು ದಣಿವಿಲ್ಲದೆ ಕೆತ್ತಿದ ಶಿಲ್ಪಿ ನಾವು ಕಾಲಿಡುವ ನೆಲಕ್ಕೆ ಬರೀ ಚಪ್ಪಡಿ ಹಾಸಿದ್ದಾನೆ. ಮದುವೆ ಕಾರ್ಡಿನ ನೆತ್ತಿಗೆ ಬಳ್ಳಿ ಚೆಂದ. ಇಡೀ ಪುಸ್ತಕವನ್ನೇ ಅದರಲ್ಲಿ ಅಚ್ಚು ಹಾಕಿದರೆ ಮೂರು ಹೊತ್ತೂ ಹೂರಣವನ್ನೇ ಉಂಡಂತೆ. ಹಾಗಾದರೆ ಬಸ್ಸಿನ ಹಣೆ ಬಾಗಿಲವಾಡವೋ ನೆಲವೋ? ನೆಲವೆಂದೇ ನಾನು ಸಾಧಿಸಿದೆ.

“ನಿನ್ನ ಬಾಯಿಗೆ ಯಾರು ಎದುರು ನಿಲ್ತಾರಲೇ,” ಎಂದು ಮಾವ ಸೋತು ಬಳ್ಳಿ ಅಳಿಸಿದರು. ನೆಟ್ಟನೆಯ ಅಕ್ಷರ ಬರೆಯುತ್ತ ಖಾಸಿಂಸಾಬರು, “ಇದಕ್ಕ ನಾನ್ಯಾಕ್ರಿ, ಸ್ಕೇಲ್ ಸಾಕಿತ್ತು,” ಅಂದರು.

ಅದೇ ವಾರ ಹಡಗಲಿಯಲ್ಲಿ ಅಕ್ಕನ ಮಗಳ ತೊಟ್ಟಿಲು. ಕೋಗಳಿಯ ಅಜ್ಜಿಯೇ ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕೆಂದು ಅಕ್ಕನ ಹಟ. ಸುವರ್ಣ ಬಂತು, ಅಜ್ಜಿ ಇಳಿಯಲಿಲ್ಲ. ಕೂಸು ಅತ್ತು ಮಲಗಿತು, ಎದ್ದು ಮತ್ತೆ ಅತ್ತಿತು. ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. ಮೂರು ತಾಸಿನ ಮೇಲೆ ಅಜ್ಜಿ ಯಾರದೋ ಟೆಂಪೋದಲ್ಲಿ ಬಂದಳು.

“ನಮ್ಮ ಬಸ್ ಬರ್ಲೇ ಇಲ್ಲ. ಬ್ಯಾರೆ ಯಾವುದೋ ಬಂದಿತ್ತು, ಬಿಟ್ಟೆ.”

“ಅದೇ ಸುವರ್ಣ, ಅಜ್ಜಿ. ದೊಡ್ಡದಾಗಿ ಬರ್ದೈತಲ್ಲ.”

“ನಾನೇನು ಸಾಲಿ ಕಲ್ತೀನೇನಲೇ? ಹಸಿರು ಬಸ್ಸು ಹತ್ತು ಅಡ್ಡಾಡ್ತಾವ. ಅದಕ್ಕ ಬಳ್ಳಿ ಇರ್ಲಿಲ್ಲ.”

ನಾನು ತೊಟ್ಟಿಲ ಹಗ್ಗ ಹಿಡಿದೆ. ಅಜ್ಜಿ ಬಗ್ಗಿ ಹೆಸರು ಕರೆದಳು.

ಮರುದಿನ ಖಾಸಿಂಸಾಬರ ಮುಂದೆ ನಿಂತು ಬಳ್ಳಿ ಬೇಕೆಂದೆ.

“ಓದಾಕ ಬರಂಗಿಲ್ಲ ಅಂದಿದ್ರಿ?”

“ಓದಾಕ ಬರೋರು ಕೆಳಗಿರೋ ಊರ ಹೆಸರಿನ ಬೋರ್ಡ್ ಓದ್ಕೊಳ್ಳಲಿ, ಸಾಬ್ರ.”

ಅವರು ನಗಲಿಲ್ಲ. ಅದು ಅವರ ದೊಡ್ಡತನ.

ಮೊದಲ ಟ್ರಿಪ್ಪಿನಲ್ಲೇ ನಾನೂ ಹೋಗಿ, ಕೋಗಳಿಯಲ್ಲಿ ಬಸ್ಸು ನಿಲ್ಲಿಸಿ ಅಜ್ಜಿಗೆ ತೋರಿಸಿದೆ. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

“ಹೌದು, ಇದೇ. ಆದ್ರ ನವಿಲಿನ ಬಾಯಾಗ ಒಂದು ಎಲಿ ಇತ್ತು.”

ಖಾಸಿಂಸಾಬರನ್ನು ಕೇಳಿದೆ. ಇತ್ತಂತೆ, ಮರೆತಿದ್ದರಂತೆ. ಆ ಹೆಸರನ್ನು ದಿನಾ ಓದುತ್ತಿದ್ದ ನಾನು ಒಂದು ಸಲವೂ ಅಷ್ಟು ಪೂರ್ತಿ ಓದಿರಲಿಲ್ಲ.